ಏಳನೇ ಯಂತ್ರ

ತಾವು ಗೊರಕೆ ಹೊಡೆಯುವುದೇ ಇಲ್ಲ ಎಂದು ಮಾವನವರು ಹಟ ಹಿಡಿದದ್ದೇ ಇಷ್ಟೆಲ್ಲ ರಗಳೆಗೆ ಕಾರಣ. ಅಳಿಯನಿಗೂ ರೋಷ ಬಂತು. ಅವನಿದ್ದ ಪುಟ್ಟ ಕಂಪನಿ ತಯಾರಿಸುತ್ತಿದ್ದುದೇ ಕಾರ್ಖಾನೆ ಯಂತ್ರಗಳ ಸದ್ದು, ಅದುರಾಟ ಅಳೆದು, ಎಲ್ಲಿದ್ದರೂ ಆಫೀಸಿನ ಪರದೆಗೆ ಗೆರೆಯಾಗಿ ಕಳಿಸಿ, ಕೆಡುವ ಮೊದಲೇ ಎಚ್ಚರಿಸುವ ಸೆನ್ಸರ್. ಯಾರಿಗೂ ಹೇಳದೆ ಏಳನೇ ನಂಬರಿನದನ್ನು ಮನೆಗೆ ತಂದು, ಮಾವನ ಮಂಚದಡಿ ಅಂಟಿಸಿದ. ಗೆರೆ ತೋರಿಸಿಯೇ ಬಾಯಿ ಮುಚ್ಚಿಸುತ್ತೇನೆ ಎಂದು ಮನಸ್ಸಿನಲ್ಲೇ ಮೀಸೆ ತಿರುವಿದ.

ಆಫೀಸಿನಲ್ಲಿ ಅವನನ್ನು ಎಲ್ಲರೂ ನಟ್ಟು ಎನ್ನುತ್ತಿದ್ದರು. ಮರುದಿನ ಹೋದರೆ ಅಲ್ಲಿ ಗಡಿಬಿಡಿಯೋ ಗಡಿಬಿಡಿ. ದೊಡ್ಡ ಕಂಪನಿಯೊಂದು ಇವರ ಕಂಪನಿಯನ್ನು ಕೊಳ್ಳಲು ಮಧ್ಯಾಹ್ನ ಬರುತ್ತದಂತೆ.

"ಕೊಂಡ್ಕೊಂಡ್ಮೇಲೆ ಅರ್ಧ ಜನಾನ ಮನೆಗೆ ಕಳಿಸ್ತಾರಂತೆ ಕಣೋ," ಸ್ಟೋರ್‌ನವನು ಹೆದರಿಸಿದ. "ಒಂದೇ ಒಂದು ಸೆನ್ಸರ್ ಕಮ್ಮಿಯಾಗ್ಲಿ, ತಗೊಂಡೋನ ಹೆಸರೇ ಮೊದ್ಲು!"

ನಟ್ಟುವಿಗೆ ಮಂಚದಡಿಯ ಸೆನ್ಸರ್ ನೆನಪಾಯಿತು. ಓಡಿಹೋಗಿ ತರೋಣವೆಂದರೆ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು.

ಎರಡು ಗಂಟೆಗೆ ಕೊಳ್ಳುವವರ ಕಡೆಯ ಇಂಜಿನಿಯರಮ್ಮ ಬಂದರು. ಪರದೆಯ ಮೇಲೆ ಆರು ಯಂತ್ರಗಳ ಗೆರೆ ನೆಟ್ಟಗಿತ್ತು. ಏಳನೆಯದು ಮಾತ್ರ ಏರಿ, ನಡುಗಿ, ಗಕ್ಕನೆ ನಿಂತು, ಮತ್ತೆ ಎಗರುತ್ತಿತ್ತು. ಅತ್ತ ಮನೆಯಲ್ಲಿ ಮಾವನವರಿಗೆ ಊಟ ಮುಗಿದು ನಿದ್ದೆ ಹತ್ತಿತ್ತು.

"ಇದ್ಯಾವ ಮಷಿನ್ನು?"

ಮ್ಯಾನೇಜರ್ ಕಣ್ಣು ಕಣ್ಣು ಬಿಟ್ಟು ನಟ್ಟುವನ್ನು ನೋಡಿದರು.

"ಹಳೇದು ಮೇಡಂ. ಎಪ್ಪತ್ತೆರಡು ವರ್ಷದ್ದು."

"ಇನ್ನೂ ಓಡ್ತಿದ್ಯಾ?"

"ಊಟ... ಅಲ್ಲ, ಎಣ್ಣೆ ಬಿದ್ರೆ ಚೆನ್ನಾಗೇ ಓಡತ್ತೆ."

"ಅಯ್ಯೋ, ಮೊದ್ಲು ನಿಲ್ಸಿ! ಇನ್ನೈದು ನಿಮಿಷ ಬಿಟ್ರೆ ಸಿಡಿದೇ ಹೋಗತ್ತೆ!"

ನಟ್ಟು ಮೂಲೆಗೆ ಸರಿದು ಹೆಂಡತಿಗೆ ಫೋನ್ ಮಾಡಿದ. "ನಿಮ್ಮಪ್ಪನ್ನ ಎಬ್ಬಿಸೇ!"

"ತಲೆಗಿಲೆ ಕೆಟ್ಟಿದ್ಯಾ ನಿಮಗೆ? ಈಗಷ್ಟೇ ಕಣ್ಣು ಮುಚ್ಚಿದ್ದಾರೆ."

"ನನ್ನ ಕೆಲ್ಸ ಹೋಗತ್ತೆ ಕಣೇ, ದಮ್ಮಯ್ಯ!"

ಅಪ್ಪನ ನಿದ್ದೆಗೂ ಗಂಡನ ಕೆಲಸಕ್ಕೂ ಏನು ಸಂಬಂಧವೋ ಅವಳಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೋಗಿ ಅಲುಗಾಡಿಸಿದಳು. ಪರದೆಯ ಗೆರೆ ಒಮ್ಮೆ ಮೇಲಕ್ಕೆ ಹಾರಿ ತೆಪ್ಪಗಾಯಿತು.

ಇಂಜಿನಿಯರಮ್ಮ ಚಪ್ಪಾಳೆ ತಟ್ಟಿದರು. "ಕೆಡೋ ಮುಂಚೇನೇ ಹಿಡೀತಲ್ಲ! ನಾವು ಹುಡುಕ್ತಿದ್ದದ್ದು ಇದನ್ನೇ!" ಸಂಜೆಯೊಳಗೆ ಒಪ್ಪಂದಕ್ಕೆ ಸಹಿ ಬಿತ್ತು. ಯಾವ ಯಂತ್ರವೆಂದು ಮ್ಯಾನೇಜರಿಗೆ ಕೊನೆಗೂ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ನಟ್ಟುವಿನ ಕೈಗೆ ಹೊಸ ಕಂಪನಿಯ ಪತ್ರ ಸಿಕ್ಕಿತು. ಸದ್ಯ, ಕೆಲಸ ಉಳಿಯಿತು ಎಂದು ಅದನ್ನು ಬಿಡಿಸಿಯೂ ನೋಡದೆ ಮನೆಗೆ ಓಡಿದ.

ನಿದ್ದೆಗೆಟ್ಟ ಮಾವನವರು ಮುಖ ಊದಿಸಿಕೊಂಡು ಕೂತಿದ್ದರು. ಕೈಯಲ್ಲಿ ಮಂಚದಡಿಯಿಂದ ಕಿತ್ತ ಸೆನ್ಸರ್. ಪತ್ರ ಕಸಿದುಕೊಂಡು ಗಟ್ಟಿಯಾಗಿ ಓದಿದರು: "ಏಳನೇ ಸೆನ್ಸರಿನಲ್ಲಿ ದಾಖಲಾದ ಸದ್ದು ಯಂತ್ರದ್ದೇ ಎಂದು ನಮ್ಮ ತಜ್ಞರು ದೃಢಪಡಿಸಿದ್ದಾರೆ. ಆ ಯಂತ್ರ ಓಡುವಷ್ಟು ಹೊತ್ತೂ ಪಕ್ಕದಲ್ಲೇ ಕುಳಿತು ನಿಗಾ ಇಡುವುದು ಇನ್ನು ಮುಂದೆ ತಮ್ಮ ಕೆಲಸ."

ಸೆನ್ಸರನ್ನು ತಿರುಗಿಸಿ ನಂಬರು ನೋಡಿದರು. ಮುಖ ಅರಳಿತು.

"ನೋಡಿದ್ರಾ ಅಳಿಯಂದ್ರೇ! ತಜ್ಞರೇ ಸಹಿ ಹಾಕಿದ್ದಾರೆ, ಸದ್ದು ಯಂತ್ರದ್ದಂತೆ. ಈಗ ಹೇಳಿ, ನಾನು ಗೊರಕೆ ಹೊಡೀತೀನಾ?"

ಹೌದೆಂದರೆ ಕೆಲಸ ಹೋಗುತ್ತದೆ.

"ಇಲ್ಲ ಮಾವ," ಎಂದು ನಟ್ಟು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಮಾವನವರು ಆಗಲೇ ದಿಂಬಿಗೆ ತಲೆ ಕೊಟ್ಟಿದ್ದರು.