ಬಾಳೆನಾರಿನ ಚೀಲಕ್ಕೊಂದು ಲೇಬಲ್

ಗಂಗಾವತಿಯ ನಮ್ಮ ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುನಿಸಿಕೊಳ್ಳುವುದಕ್ಕೂ ಅವಸರದ ಗಿರಾಕಿ ಬರುವುದಕ್ಕೂ ಏನೋ ಒಳಒಪ್ಪಂದವಿದೆ. ಅವತ್ತು ಬಂದವರು ಆನೆಗೊಂದಿಯ ಅಕ್ಕ, ಬಾಳೆನಾರಿನ ಚೀಲ ಹೆಣೆಯುವವರು. ಲೇಬಲ್ ಇದ್ದರಷ್ಟೇ ಚೀಲ ಇಟ್ಟುಕೊಳ್ಳುತ್ತೇನೆ, ಇವತ್ತೇ ಕಡೆ ದಿನ ಎಂದಿದ್ದನಂತೆ ಕೊಪ್ಪಳದ ವ್ಯಾಪಾರಿ. ನಾನೋ, ಹಿಂದಿನ ದಿನವಷ್ಟೇ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಂ ಹಾಕಿದ್ದೆ. ಡಿಸೈನ್ ಮಾಡುವ ಆ್ಯಪ್ ಇನ್ನೂ ಇರಲಿಲ್ಲ.

ಬುತ್ತಿ

"ಯಾವ ಲಿನಕ್ಸ್ ಇದ್ರೂ ನಡೀತದ. ತನಗ ಬೇಕಾದ್ದೆಲ್ಲಾ ತಾನ ತರ್ತದ," ಎಂದು ಮೆಲ್ಲಗೆ ಹೇಳಿ, ಇಡೀ ಡಿಸೈನ್ ಆ್ಯಪ್ ಒಂದೇ ಫೈಲಿನಲ್ಲಿರುವ ಪ್ಯಾಕೇಜ್ ಇಳಿಸಿದೆ.

"ಬುತ್ತಿ ಕಟ್ಕೊಂಡ ಬರ್ತದನ್ನು," ಎಂದರು ಅಂಗಡಿಯ ಮಾಲೀಕ ಚಾಚಾ.

ಕ್ಲಿಕ್ ಮಾಡಿದೆ. ಅಲ್ಲಾಡಲಿಲ್ಲ. ಓಡಲು ನಾವು ಮೊದಲು ಅನುಮತಿ ಕೊಡಬೇಕು ಎಂದೆ.

"ಬುತ್ತಿ ತಂದಾನ, ಉಣ್ರಿ ಅನ್ನೋತನಕ ಕೈ ಹಾಕಂಗಿಲ್ಲ. ಹೊಸ ಅಳಿಯ ಅದಾನ ಬೇಟಿ!"

ಬೀಗರು

ಅನುಮತಿ ಸಿಕ್ಕರೂ ಅದು ಅರ್ಧ ಕೆಲಸದಲ್ಲಿ ಮುಚ್ಚಿಕೊಳ್ಳುತ್ತಿತ್ತು. ಸರಿ, ಇನ್ನೊಂದು ಬಗೆಯ ಪ್ಯಾಕೇಜ್ ಇಳಿಸತೊಡಗಿದೆ. ಆ್ಯಪ್ ಇಷ್ಟೇ ಇಷ್ಟು; ಅದರ ಜೊತೆ ಬರುವ ಸಾಮಾನು ಲಾರಿಗಟ್ಟಲೆ.

"ಒಬ್ಬನ್ನ ಕರದ್ರ ಬೀಗರೆಲ್ಲಾ ಬಂದ್ರಲ್ಲ!" ಎಂದರು ಚಾಚಾ. ಅಷ್ಟರಲ್ಲಿ, ಕಂಪ್ಯೂಟರಿಗೆ ಕೊಟ್ಟಿದ್ದ ಅವರ ಫೋನಿನ ನೆಟ್ ಖಾಲಿ. ಮನೆಗೆ ಓಡಿ, ಧಾರಾವಾಹಿ ನೋಡುತ್ತಿದ್ದ ಚಾಚಿಯ ಕೈಯಿಂದಲೇ ಫೋನ್ ತಂದರು.

ಅವತ್ತು ಚಾಚಿಗೆ ಧಾರಾವಾಹಿ ಇಲ್ಲ, ಚಾಚಾಗೆ ಊಟ ಇಲ್ಲ.

ಕೋಣೆ

ಆ್ಯಪ್ ತೆರೆಯಿತು. ಆದರೆ ಚೀಲದ ಫೋಟೋ ಹಾಕಿ ಅಕ್ಕ ತಂದಿದ್ದ ಪೆನ್‌ಡ್ರೈವ್ ಅದಕ್ಕೆ ಕಾಣಲೊಲ್ಲದು. ಕೊಪ್ಪಳದ ಬಸ್ಸಿನ ಹೊತ್ತಾಗಿತ್ತು. ಅಕ್ಕ ಎದ್ದು ನಿಂತರು. "ಆಗಂಗಿಲ್ಲ ಅಂದ್ರ ಹೇಳಿಬಿಡು ತಂಗಿ. ಚೀಲ ವಾಪಸ್ ಒಯ್ತೀನಿ."

ನಾನು ಪರದೆಯಿಂದ ಕಣ್ಣೆತ್ತದೆ ಹೇಳಿದೆ. "ಹಂಗಲ್ಲ ಅಕ್ಕಾ... ಅದು ತನ್ನ ಕೋಣ್ಯಾಗ ಬಾಗ್ಲಾ ಹಾಕ್ಕೊಂಡು ಕುಂತದ. ನಾವು ಬಿಟ್ರಷ್ಟ ಹೊರಗಿಂದು ನೋಡ್ತದ."

ಅಕ್ಕ ನನ್ನನ್ನೇ ನೋಡಿದರು. "ಥೇಟ್ ನಿನ್ನಂಗ ಐತಲ್ಲ!"

ನಾಚಿಕೆಯಲ್ಲಿ ಅವಸರ ಮಾಡಿ, ಎಲ್ಲವನ್ನೂ ನೋಡಬಹುದು ಎಂಬ ಅನುಮತಿಯನ್ನೇ ಕೊಟ್ಟುಬಿಟ್ಟೆ. ಪೆನ್‌ಡ್ರೈವ್ ತೆರೆದುಕೊಂಡಿತು. ಚೀಲದ ಜೊತೆಗೆ ಅಕ್ಕನ ಎಮ್ಮೆ, ಎಮ್ಮೆಯ ಕರು, ಬಾಯಿ ತೆರೆದು ಮಲಗಿದ ಅವರ ಗಂಡ, ಎಲ್ಲರೂ ಪರದೆಯ ತುಂಬ ಸಾಲಾಗಿ ನಿಂತರು. ಚಾಚಾ ಸಭ್ಯತೆಗೆ ಛಾವಣಿ ನೋಡತೊಡಗಿದರು.

ಲೇಬಲ್ ಛಲೋ ಬಂತು. ಬಿಸಿ ಹಾಳೆಗಳನ್ನು ಎದೆಗವಚಿಕೊಂಡು ಬಸ್ಸಿಗೆ ಹೊರಟ ಅಕ್ಕ ಬಾಗಿಲಲ್ಲಿ ನಿಂತು ಹೇಳಿದರು:

"ತಂಗಿ, ನೀ ಮಾತ್ರ ಬಾಗ್ಲಾ ತಗದಾಗ ಸ್ವಲ್ಪಾ ನೋಡ್ಕೊಂಡು ತಗಿವ್ವಾ. ಇದು ನನ್ನ ಗಂಡನ್ನೂ ಬಿಡಲಿಲ್ಲ!"