ಯಂತ್ರಕ್ಕೆ ಗಂಡು ನೋಡಿದ್ದು

ಗಿರಾಕಿ ಹುಡುಕುವುದು ಏನು ಮಹಾ ಕೆಲಸ? ಮಧುಗಿರಿಯಲ್ಲಿ ಕೂತುಕೊಂಡೇ, ಕೊರಟಗೆರೆಯಿಂದ ಪಾವಗಡದವರೆಗೆ ಹನ್ನೊಂದು ಹುಡುಗಿಯರಿಗೆ ಗಂಡು ಗೊತ್ತುಮಾಡಿ ಧಾರೆ ಎರೆಸಿದ ಹೆಂಗಸು ನಾನು. ಅವರಲ್ಲಿ ಒಬ್ಬಳಂತೂ ಮನೆಯೊಳಗೆ ಮಾತಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸುತ್ತಿತ್ತು. ಅವಳಿಗೇ ಗಂಡು ಸಿಕ್ಕಿದ ಮೇಲೆ, ಬಾಯೇ ಇಲ್ಲದ ಒಂದು ಕಬ್ಬಿಣದ ಪೆಟ್ಟಿಗೆಗೆ ಸಿಗುವುದಿಲ್ಲವೇ?

ಪೆಟ್ಟಿಗೆ ನಮ್ಮ ಯಜಮಾನರದ್ದು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು, ಎಂಬತ್ತಮೂರನೇ ಇಸವಿಯಲ್ಲಿ ಒಂದು ದಿನ ಟ್ರಂಕು ಹೊತ್ತು ಬಂದು, "ಇನ್ನು ಯಾರ ಕೈಕೆಳಗೂ ದುಡಿಯಲ್ಲ ಕಣೇ, ಸ್ವಂತ ಕೆಲಸ" ಅಂದರು. ಏನು ಕೆಲಸ ಅಂದರೆ, ಮನುಷ್ಯ ಓಡಾಡಿ ಮಾಡುವುದನ್ನು ಯಂತ್ರ ತನ್ನಷ್ಟಕ್ಕೆ ತಾನೇ ಮಾಡುವ ಹಾಗೆ ಮಾಡುವುದು. ಯಾರಿಗೆ ಯಾವ ಯಂತ್ರ ಬೇಕು ಅಂತ ಸಲಹೆ ಕೊಟ್ಟು, ತಯಾರಿಸಿ, ಕೂರಿಸಿ ಬರುವುದು. ಬಾಗಿಲಿಗೆ "ಸ್ವಯಂಚಾಲಿತ ಯಂತ್ರ ಸಲಹೆಗಾರರು" ಅಂತ ಬೋರ್ಡು ಬರೆಸಿದರು. ನಾಲ್ಕು ತಿಂಗಳಲ್ಲಿ ಇಬ್ಬರು ಬಂದರು. ಒಬ್ಬರು ಪೋಸ್ಟಾಫೀಸಿಗೆ ದಾರಿ ಕೇಳಿದರು. ಇನ್ನೊಬ್ಬರು ರೇಡಿಯೋ ರಿಪೇರಿ ಮಾಡಿಸಿಕೊಂಡು, ಕಾಫಿ ಕುಡಿದು, ನಮಗೇ ಎರಡು ಸಲಹೆ ಕೊಟ್ಟು ಹೋದರು. ನಮ್ಮೂರಲ್ಲಿ ಸಲಹೆ ಅನ್ನುವುದು ಪ್ರತಿ ಕಟ್ಟೆಯ ಮೇಲೂ ಪುಕ್ಕಟೆ ಸಿಗುತ್ತದೆ. ಅದಕ್ಕೆ ಯಾರು ಬೋರ್ಡು ಹುಡುಕಿಕೊಂಡು ಬರುತ್ತಾರೆ?

ಮಾದರಿಗೆ ಅಂತ ಒಂದು ಪೆಟ್ಟಿಗೆಯನ್ನು ನಮ್ಮ ಮನೆಯ ನೀರಿನ ಮೋಟಾರಿಗೇ ಹಾಕಿದ್ದರು. ತಾರಸಿಯ ತೊಟ್ಟಿಯಲ್ಲಿ ಒಂದು ಖಾಲಿ ತುಪ್ಪದ ಡಬ್ಬ ತೇಲುತ್ತಿತ್ತು. ನೀರು ಕಮ್ಮಿಯಾಗಿ ಡಬ್ಬ ಕೆಳಗಿಳಿದಿದ್ದರೆ, ಕರೆಂಟು ಬಂದ ಕೂಡಲೇ ಮೋಟಾರು ತಾನೇ ಶುರು. ತೊಟ್ಟಿ ತುಂಬಿ ಡಬ್ಬ ಮೇಲೆ ಬಂತೋ, ತಾನೇ ಬಂದ್. ಅಷ್ಟೇ ಅದರ ವಿದ್ಯೆ. ಆದರೆ ಅಷ್ಟನ್ನು ಅದು ಒಂದು ದಿನವೂ ತಪ್ಪದೆ ಮಾಡುತ್ತಿತ್ತು. ಎಷ್ಟು ಮನುಷ್ಯರ ಬಗ್ಗೆ ಈ ಮಾತು ಹೇಳಬಹುದು, ಹೇಳಿ!

ಅಷ್ಟರಲ್ಲಿ ಪಾವಗಡದಿಂದ ನಮ್ಮಣ್ಣ ಬಂದ. "ಕಾರ್ತೀಕ ಮುಗಿಯೋದ್ರೊಳಗೆ ಒಬ್ಬ ಗಿರಾಕಿ ಆದ್ರೂ ಸಿಕ್ಕಿದ್ರೆ ಸರಿ ಭಾವ. ಇಲ್ದಿದ್ರೆ ನಮ್ಮ ಅಕ್ಕಿ ಗಿರಣೀಲಿ ಬಂದು ನಿಂತ್ಕೊಳ್ಳಿ. ಹಿತ್ತಲ ಕೋಣೆ ಖಾಲಿ ಇದೆ, ಸಂಸಾರ ಅಲ್ಲೇ ಹೂಡಿ" ಅಂದ. ಯಜಮಾನರು ತಲೆ ತಗ್ಗಿಸಿ "ಹೂಂ" ಅಂದರು. ಆವತ್ತಿನಿಂದ ಸ್ಕ್ರೂ ತಿರುಗಿಸುವಾಗ ಹಾಡು ಗುನುಗುವುದನ್ನು ನಿಲ್ಲಿಸಿಬಿಟ್ಟರು. ನಮ್ಮತ್ತಿಗೆಯೇನೂ ಕೆಟ್ಟವರಲ್ಲ. ಆದರೆ ಒಗ್ಗರಣೆಗೆ ಸಾಸಿವೆಯನ್ನು ಎಣಿಸಿ ಹಾಕುವ ಜನ. ಅವರ ಹಿತ್ತಲ ಕೋಣೆಯಲ್ಲಿ ನಾನು ಎಷ್ಟು ಸಲ ಉಸಿರಾಡಬಹುದು ಅನ್ನುವುದಕ್ಕೂ ಲೆಕ್ಕ ಇರುತ್ತಿತ್ತು.

ದಂಡಿನ ಮಾರಮ್ಮನಿಗೆ ಕೈಮುಗಿದು ಕಾರ್ಯಕ್ಕೆ ಇಳಿದೆ. ಹೆಣ್ಣಿಗೆ ಗಂಡು ನೋಡುವ ಕ್ರಮವೇ ಇದಕ್ಕೂ. ನಾಲ್ಕೂರು ತಿರುಗುವುದು, ಅನುಕೂಲಸ್ಥರನ್ನು ಹಿಡಿಯುವುದು, ಗುಣಗಾನ ಮಾಡುವುದು, ಮನೆಗೆ ಕರೆದು ಉಪ್ಪಿಟ್ಟು ಕೇಸರಿಬಾತು ಕೊಟ್ಟು ತೋರಿಸುವುದು. ಗುಣಗಾನದ ವಿಷಯಕ್ಕೆ ಹಿರಿಯರೇ ಹೇಳಿದ್ದಾರಲ್ಲ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ. ನಾನು ಸಾವಿರಕ್ಕೆ ಹೋಗಲಿಲ್ಲ. ಮೂರೇ ಹೇಳಿದೆ.

ಮೊದಲನೆಯದು ವೈ.ಎನ್.ಹೊಸಕೋಟೆಯಲ್ಲಿ, ಕಡ್ಲೆಕಾಯಿ ವ್ಯಾಪಾರದ ಓಬುಳಪ್ಪನವರ ಜಗಲಿ ಮೇಲೆ. ಅವರದು ಅರ್ಧ ಕನ್ನಡ, ಅರ್ಧ ತೆಲುಗು. "ನೀರಿನ ಯಂತ್ರಮಾ? ಮಾ ಊರಲ್ಲಿ ನೀರೇ ಲೇದು ಕದಮ್ಮಾ! ಕಡ್ಲೆಕಾಯಿ ಸುಲೀತದಾ, ಅದು ಚೆಪ್ಪು" ಅಂದರು.

"ಸುಲಿಯದೆ ಏನು!" ಅಂದುಬಿಟ್ಟೆ.

ಎರಡನೆಯದು ಶಿರಾದಲ್ಲಿ, ಸೋಡಾ ತಯಾರಿಸುವ ಬಾಷಾ ಸಾಹೇಬರ ಹತ್ತಿರ. "ಬಾಟ್ಲಿ ತೊಳೀತದಾ ಬೆಹೆನ್ ಜೀ?" ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? "ತೊಳೆದು ಒರೆಸಿ ಇಡುತ್ತೆ!" ಅಂದೆ.

ಮೂರನೆಯದು ಕೊರಟಗೆರೆಯ ಹನುಮಕ್ಕನ ತೆಂಗಿನ ತೋಟದಲ್ಲಿ. ಒಂಟಿ ಹೆಂಗಸು, ಗಟ್ಟಿಗಿತ್ತಿ. "ಕರೆಂಟು ಯಾವಾಗ್ ಬತ್ತದೋ ಅಂತ ಕಾದು ಕಾದು, ಬಂದೇಟ್ಗೆ ಮೋಟ್ರು ತಾವ್ಕೆ ಓಡಿ ಓಡಿ ನನ್ನ ಮಂಡಿ ಸವ್ದೋಗದೆ ಕಣಮ್ಮ. ಅದು ತಾನೇ ಸುರುವಾಯ್ತದಾ?" ಅಂದಳು. ನಮ್ಮ ಪೆಟ್ಟಿಗೆ ಮಾಡುವುದೇ ಅದನ್ನು! ಇಲ್ಲಿ ನಿಜ ಹೇಳಿದ್ದರೆ ಸಾಕಾಗಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನ ನಾಲಿಗೆಗೆ ಓಟ ಹಿಡಿದಿತ್ತು. "ಅಯ್ಯೋ, ಅಷ್ಟೇ ಅಲ್ಲ, ಯಾವ ಮರಕ್ಕೆ ಬಾಯಾರಿದೆ ಅಂತ ಅದಕ್ಕೇ ಗೊತ್ತಾಗುತ್ತೆ!" ಅಂದೆ. ಹನುಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಂದು ನೋಡ್ತೀನಿ ಬುಡು" ಅಂದಳು.

ಪಂಚಾಂಗದ ಪ್ರಕಾರ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ದಿವ್ಯ ಮುಹೂರ್ತ. ಮೂವರಿಗೂ ಅದೇ ಹೊತ್ತು ಹೇಳಿದೆ. ಒಂದೇ ಹೆಣ್ಣನ್ನು ಮೂರು ಬೀಗರಿಗೆ ಒಂದೇ ಸಲ ಯಾರಾದರೂ ತೋರಿಸುತ್ತಾರೆಯೇ? ನಾನು ತೋರಿಸಿದೆ!

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆಗೆ ಅರಿಸಿನ ಕುಂಕುಮ ಇಟ್ಟು, ಒಂದು ಮೊಳ ಕನಕಾಂಬರ ಮುಡಿಸಿದೆ. ಯಜಮಾನರು ನೋಡಿ ಹೌಹಾರಿದರು.

"ಏನೇ ಇದು? ಒಳಗೆ ನೀರು ಇಳಿದ್ರೆ ಶಾರ್ಟ್ ಆಗುತ್ತೆ!"

"ನೋಡೋಕೆ ಬರೋರ ಮುಂದೆ ಬೋಳುಬೋಳಾಗಿ ಕೂರಿಸ್ತಾರೇನ್ರೀ?"

"ಅದು ಸ್ಟಾರ್ಟರ್ ಕಣೇ, ನಿನ್ನ ತಂಗಿ ಅಲ್ಲ!" ಎಂದು ಹೂವು ತೆಗೆದು ನನ್ನ ಕೈಗಿಟ್ಟರು.

ಹತ್ತಕ್ಕೆ ಸರಿಯಾಗಿ ಮೂರೂ ಪಾರ್ಟಿ ಹಾಜರ್. ಹತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು.

ಸರಿ, ಬರುತ್ತದೆ ಅಂತ ಉಪ್ಪಿಟ್ಟು ಕೊಟ್ಟೆ. ಹತ್ತೂ ಕಾಲಾಯಿತು, ಕೇಸರಿಬಾತು ಕೊಟ್ಟೆ. ಗಡಿಯಾರ ಹತ್ತೂವರೆ ಹೊಡೆದಾಗ ನನಗೆ ನೆನಪಾಯಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ! ಈಗ ಕರೆಂಟು ಬಂದರೆ? ಪೆಟ್ಟಿಗೆ ಪಂಚಾಂಗ ನೋಡುತ್ತದೆಯೇ? ಬೆಳಗಿನ ಬಳಕೆಗೆ ತೊಟ್ಟಿ ಅರ್ಧ ಖಾಲಿಯಾಗಿದೆ, ತಕ್ಷಣ ಶುರು ಆಗಿಬಿಡುತ್ತದೆ. ಇವರ ಜೀವನದ ಮೊದಲ ವ್ಯವಹಾರ ರಾಹುಕಾಲದಲ್ಲಿ ಆದರೆ ಹಿತ್ತಲ ಕೋಣೆಯೇ ಗತಿ!

ದೇವರು ದೊಡ್ಡವನು, ಆ ಕ್ಷಣಕ್ಕೆ ನನಗೂ ಒಂದು ಬುದ್ಧಿ ಕೊಟ್ಟ. ಡಬ್ಬ ಮೇಲಿದ್ದರೆ ತಾನೇ ಮೋಟಾರು ಬಂದ್? ದೇವರ ಮನೆಯಿಂದ ಅರಿಸಿನದ ದಾರದ ಉಂಡೆ ಹಿಡಿದು ತಾರಸಿಗೆ ಓಡಿದೆ. ತುಪ್ಪದ ಡಬ್ಬವನ್ನು ಮೇಲಕ್ಕೆತ್ತಿ, ತೊಟ್ಟಿಯ ಮುಚ್ಚಳದ ಹಿಡಿಗೆ ಮೂರು ಸುತ್ತು ಸುತ್ತಿ ಭದ್ರವಾಗಿ ಕಟ್ಟಿದೆ. ಹದಿನಾಲ್ಕು ವರ್ಷ ಕಾರ್ಖಾನೆಯಲ್ಲಿ ಇವರು ಕಲಿತದ್ದನ್ನು ನಾನು ಎರಡು ನಿಮಿಷದಲ್ಲಿ ಕಲಿತೆ ಅಂತ ಹೆಮ್ಮೆಯಿಂದ ಕೆಳಗಿಳಿದೆ.

ಹತ್ತೂ ಮುಕ್ಕಾಲಿಗೆ ಕರೆಂಟು ಬಂತು. ದೀಪ ಉರಿಯಿತು. ಎಲ್ಲರೂ ಪೆಟ್ಟಿಗೆಯ ಕಡೆ ತಿರುಗಿದರು. ಪೆಟ್ಟಿಗೆ ಗಪ್‌ಚಿಪ್!

ಯಜಮಾನರು ಮುಚ್ಚಳ ತೆಗೆದರು, ತಂತಿ ಮುಟ್ಟಿ ನೋಡಿದರು, ಬೆವರು ಒರೆಸಿಕೊಂಡರು. "ನಿನ್ನೆವರೆಗೂ ಸರಿಯಾಗಿತ್ತು..." ಅಂದರು.

"ಸ್ವಲ್ಪ ನಾಚಿಕೆ ಸ್ವಭಾವ" ಅಂದೆ ನಾನು.

ಓಬುಳಪ್ಪನವರು ಜೇಬಿನಿಂದ ಒಂದು ಹಿಡಿ ಕಡ್ಲೆಕಾಯಿ ತೆಗೆದು ಪೆಟ್ಟಿಗೆಯ ಮುಂದಿಟ್ಟರು. "ಪೋನಿ, ಇದನ್ನ ಸುಲೀಲಿ ಸಾಮೀ."

"ಸುಲಿಯೋದಾ?" ಎಂದು ಯಜಮಾನರು ಕಣ್ಣು ಬಿಟ್ಟರು. "ಯಾರು ಹೇಳಿದ್ದು ನಿಮಗೆ?"

ಮೂರು ಜೊತೆ ಕಣ್ಣು ನನ್ನ ಮೇಲೆ. ನಾನು ಅವಸರವಾಗಿ ಓಬುಳಪ್ಪನವರ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಬಡಿಸಿದೆ. ಬಾಷಾ ಸಾಹೇಬರು ಪಾಪ, ಚೀಲದಿಂದ ಅರ್ಧ ಹೊರಗೆ ತೆಗೆದಿದ್ದ ಸೋಡಾ ಬಾಟಲಿಯನ್ನು ಸದ್ದಿಲ್ಲದೆ ಒಳಗಿಟ್ಟುಕೊಂಡರು. ಮುಂದಿನ ಒಂದು ಗಂಟೆ ನಾನು ಬಡಿಸಿದ್ದೇ ಬಡಿಸಿದ್ದು. ಸುಳ್ಳು ಮುಚ್ಚುವುದಕ್ಕೆ ಅಷ್ಟೊಂದು ರವೆ ಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಹನ್ನೆರಡು ಹೊಡೆಯಿತು. ತಾರಸಿಗೆ ಹಾರಿದೆ. ದಾರ ನೆನೆದು ಗಂಟು ಬಿಗಿದುಕೊಂಡಿತ್ತು. ಹಿಡಿಯ ಕಡೆಯಿಂದ ಜಗ್ಗಿದೆ, ಕಿತ್ತು ಬಂತು. ಡಬ್ಬ ದಾರದ ಸಮೇತ ಗುಳುಂ ಅಂತ ನೀರಿಗೆ ಬಿತ್ತು. ಕೆಳಗಡೆ ಮೋಟಾರು ಭರ್ರ್ ಎಂದಿತು! "ಅರೆ ವ್ಹಾ!" ಅಂದರು ಬಾಷಾ ಸಾಹೇಬರು. ಯಜಮಾನರ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು. "ಇನ್ನು ತೊಟ್ಟಿ ತುಂಬಿದ್ಮೇಲೆ ತಾನೇ ನಿಲ್ಲುತ್ತೆ, ಬನ್ನಿ" ಅಂತ ಎಲ್ಲರಿಗೂ ಅಂಗಳದಲ್ಲಿ ಕುರ್ಚಿ ಹಾಕಿದರು. ನೆರಳು ಇದ್ದದ್ದು ತಾರಸಿಯ ನೀರು ಬೀಳುವ ದೋಣಿಯ ಕೆಳಗೆ. ಅಲ್ಲೇ ಹಾಕಿದರು.

ದಾರದ ತುದಿ ತೊಟ್ಟಿಯ ತಳದ ಪೈಪಿಗೆ ಸುತ್ತಿಕೊಂಡಿತ್ತು ಅಂತ ಯಾರಿಗೆ ಗೊತ್ತು? ನೀರು ಏರಿತು. ಡಬ್ಬ ಏರಲಿಲ್ಲ. ಡಬ್ಬ ಏರದೆ ಮೋಟಾರು ನಿಲ್ಲಲಿಲ್ಲ. ತೊಟ್ಟಿ ತುಂಬಿತು, ತಾರಸಿ ತುಂಬಿತು, ಆಮೇಲೆ ದೋಣಿಯಿಂದ ಸಾಕ್ಷಾತ್ ಗಂಗಾವತರಣ!

"ಅಯ್ಯೋ ದೇವುಡಾ!" ಎಂದು ಓಬುಳಪ್ಪನವರು ಎದ್ದರು. ಕುರ್ಚಿಯೂ ಅವರಿಗೆ ಅಂಟಿಕೊಂಡೇ ಎದ್ದಿತು. ಬಾಷಾ ಸಾಹೇಬರ ಟೋಪಿ ಅಂಗಳದಲ್ಲಿ ದೋಣಿಯಾಗಿ ತೇಲಿತು. ಪಕ್ಕದ ಮನೆ ಜಯಮ್ಮ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಇದೇನ್ರೀ, ನಮ್ಮನೇಲಿ ಕುಡಿಯೋಕೆ ನೀರಿಲ್ಲ, ನಿಮ್ಮನೇಲಿ ನೆಂಟರಿಗೆ ತಲೆಗೇ ಸ್ನಾನ!" ಅಂದರು. ಹನುಮಕ್ಕ ಒಬ್ಬಳೇ ತಲೆ ಮೇಲೆ ಸೆರಗು ಎಳೆದುಕೊಂಡು ಕೂತಲ್ಲೇ ಕೂತಿದ್ದಳು.

ಯಜಮಾನರು ಮೇನ್ ಆರಿಸಿ ತಾರಸಿಗೆ ಓಡಿದರು. ಇಳಿದು ಬಂದಾಗ ಕೈಯಲ್ಲಿ ತುಪ್ಪದ ಡಬ್ಬ. ಅದರ ಕೊರಳಲ್ಲಿ ಮಾರುದ್ದ ಅರಿಸಿನದ ದಾರ, ಥೇಟ್ ತಾಳಿಯ ಹಾಗೆ.

"ಇದು... ಯಾರು ಕಟ್ಟಿದ್ದು?"

ಓಬುಳಪ್ಪನವರು ಪಂಚೆ ಹಿಂಡುತ್ತಾ, "ಯಂತ್ರ ಬಾಗಲೇದು ಸಾಮೀ, ನಮಗೆ ವದ್ದು" ಅಂತ ಬೇಡವೆಂದುಬಿಟ್ಟರು. ಯಜಮಾನರು ಪೆಟ್ಟಿಗೆಯನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಸುಮ್ಮನಿದ್ದರೆ ಪೆಟ್ಟಿಗೆ ಕೆಟ್ಟದ್ದು ಅಂತ ಆಗುತ್ತದೆ. ಬಾಯಿ ಬಿಟ್ಟರೆ ನಾನು ಕೆಟ್ಟವಳು ಅಂತ ಆಗುತ್ತದೆ. ಪೆಟ್ಟಿಗೆಗಾದರೆ ಹೊಟ್ಟೆಪಾಡಿನ ಜವಾಬ್ದಾರಿ ಇದೆ!

"ನಾನೇ ಕಟ್ಟಿದ್ದು" ಅಂದೆ. ರಾಹುಕಾಲದ್ದೂ ಹೇಳಿದೆ. ಹೇಳುತ್ತಾ ಹೇಳುತ್ತಾ ಕಡ್ಲೆಕಾಯಿ, ಸೋಡಾ ಬಾಟಲಿ, ಬಾಯಾರಿದ ತೆಂಗಿನ ಮರ ಎಲ್ಲವೂ ಹೊರಗೆ ಬಂದವು. "ಇದು ಬರೀ ಮೋಟಾರು ಶುರು ಮಾಡುತ್ತೆ, ನಿಲ್ಲಿಸುತ್ತೆ. ಅಷ್ಟೇ ಬರೋದು ಅದಕ್ಕೆ" ಎಂದು ಕಣ್ಣೊರೆಸಿಕೊಂಡೆ.

ಬಾಷಾ ಸಾಹೇಬರು ನಗು ತಡೆದುಕೊಂಡು, ಒದ್ದೆ ಟೋಪಿ ಹಾಕಿಕೊಂಡು, "ಊರಿಗೆ ಹೋಗಿ ಕಾಗದ ಬರೀತೀವಿ ಬೆಹೆನ್ ಜೀ" ಅಂದರು. ಆ ಮಾತಿನ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಓಬುಳಪ್ಪನವರು ಅದನ್ನೂ ಅನ್ನದೆ, ಕಡ್ಲೆಕಾಯಿ ವಾಪಸು ಜೇಬಿಗೆ ಹಾಕಿಕೊಂಡು ನಡೆದರು.

ಹನುಮಕ್ಕ ಮಾತ್ರ ಎದ್ದು ಬಂದು ಪೆಟ್ಟಿಗೆಯ ಮುಂದೆ ನಿಂತಳು.

"ಈಗೇಳಿ ಸಾಮಿ. ಈವಮ್ಮ ಮೇಲ್ಕೆ ಕಟ್ದಾಗ ಇದು ಸುರುವಾಗ್ಲಿಲ್ಲ. ಬಿಚ್ಚಿದ್ ಗಳಿಗ್ಗೆ ಸುರುವಾಯ್ತು. ಡಬ್ಬ ಕೆಳ್ಗೆ ಸಿಕ್ಕಾಕ್ಕಂಡಾಗ ನಿಲ್ನಿಲ್ಲ. ಅಂಗಾರೆ ಇದು ಒಂದ್ ಸಲಾನೂ ತಪ್ ಮಾಡ್ನಿಲ್ವಲ್ಲಾ?"

"ಇಲ್ಲಮ್ಮ" ಅಂದರು ಯಜಮಾನರು.

"ತಪ್ಪೆಲ್ಲ ಈವಮ್ಮಂದೇ?"

"ಹೌದಮ್ಮ" ಅಂದರು. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ, ಪುಣ್ಯಾತ್ಮರು!

"ಅಂಗಾರೆ ನನ್ ತೋಟಕ್ಕೆ ಒಂದು ಮಡುಗ್ಬುಡಿ. ಆದ್ರೆ ಒಂದ್ ಮಾತು. ಈವಮ್ಮನ್ನ ಮಾತ್ರ ಅದ್ರ ತಾವ್ಕೆ ಬುಡ್ಬ್ಯಾಡಿ."

ಯಜಮಾನರು ಕೆಲಸದ ವಿವರ ಬರೆಯುವ ಕಾಗದ ತಂದು ಎಲ್ಲ ಬರೆದರು. ಕೊನೆಗೆ "ಸಲಹೆಗಾರರ ಧರ್ಮಪತ್ನಿಯವರು ಯಂತ್ರದಿಂದ ಹತ್ತು ಮಾರು ದೂರದಲ್ಲಿರತಕ್ಕದ್ದು" ಅಂತ ಸೇರಿಸಿ, ಹನುಮಕ್ಕನಿಂದ ಹೆಬ್ಬೆಟ್ಟು ಒತ್ತಿಸಿ, ನನ್ನ ಕಡೆ ತಿರುಗಿ, "ನೀನೂ ಒಂದು ಸಹಿ ಹಾಕು" ಅಂದರು. ಹಾಕಿದೆ. ಕಾರ್ತೀಕ ಮುಗಿಯಲು ಇನ್ನೂ ಆರು ದಿನ ಇತ್ತು, ಭಗವಂತನ ದಯೆ.

ಅಲ್ಲಿಂದ ಮುಂದೆ ಕೊರಟಗೆರೆ ಸುತ್ತಮುತ್ತಲಿಂದ ಗಿರಾಕಿಗಳು ತಾವಾಗಿಯೇ ಬರತೊಡಗಿದರು. ಬಂದವರು ಬೆಲೆ ಕೇಳುವ ಮುಂಚೆ ದನಿ ತಗ್ಗಿಸಿ, "ಅಮ್ಮಾವ್ರು ಬರಲ್ಲ ತಾನೇ?" ಅಂತ ಕೇಳುತ್ತಾರೆ. ಯಜಮಾನರು "ಛೆ ಛೆ, ಬರೆದುಕೊಡ್ತೀನಿ" ಅನ್ನುತ್ತಾರೆ, ಮತ್ತೆ ಗುನುಗುತ್ತಾ ಸ್ಕ್ರೂ ತಿರುಗಿಸುತ್ತಾರೆ. ನಾನು ಕಾಫಿ ಲೋಟ ಬಾಗಿಲಲ್ಲೇ ಇಟ್ಟು ಹಿಂದೆ ಸರಿಯುತ್ತೇನೆ. ಕಾಫಿಯ ಮಟ್ಟಿಗೆ ನನ್ನ ಮೇಲೆ ಎಲ್ಲರಿಗೂ ಪೂರ್ತಿ ನಂಬಿಕೆ ಇದೆ.