ಮರ್ಫಿಗೆ ಒಂದೇ ಓಟಿನಲ್ಲಿ ತಪ್ಪಿದ ಸ್ವಾತಂತ್ರ್ಯ

ಡಲ್ಲಾಸಿನ ಕನ್ನಡಿಗರು ಜಗಳವಿಲ್ಲದೆ ಎರಡು ವರ್ಷ ಕಳೆದರೆ ಮೈಗೆ ಹುಷಾರಿಲ್ಲದವರ ಹಾಗಾಗುತ್ತಾರೆ. ಆಗ ಯಾರಾದರೂ ಒಬ್ಬರು "ನಾವೇ ಬೇರೆ ಸಂಘ ಮಾಡೋಣ" ಅನ್ನುತ್ತಾರೆ, ಎಲ್ಲರಿಗೂ ಜೀವ ಬರುತ್ತದೆ. ಈ ಸಲ ಹಾಗಂದವರು ಡಲ್ಲಾಸಿನ ಪೂರ್ವದ ಅಂಚಿನ ನಮ್ಮ ಮರ್ಫಿ ಊರಿನ ಡಾಕ್ಟರ್ ಅಂಕಲ್. ನನಗೇ ಐವತ್ತೆರಡು, ಆದರೂ ಅವರು ನನಗೆ ಅಂಕಲ್ಲೇ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಡೆದದ್ದು. ಉಳಿದ ಕಾಲು ಭಾಗ ನಡೆಯಬೇಕಾಗಿತ್ತು, ಯಾಕೋ ನಡೆಯಲಿಲ್ಲ.

ವಿಷಯ ಇಷ್ಟೇ. ಸಂಘದ ಅಧ್ಯಕ್ಷರು ಪಶ್ಚಿಮದ ಕಡೆಯ ಸೌತ್‌ಲೇಕಿನವರು, ಆದ್ದರಿಂದ ಯುಗಾದಿ, ಗಣಪತಿ, ರಾಜ್ಯೋತ್ಸವ ಎಲ್ಲವೂ ಸೌತ್‌ಲೇಕಿನಲ್ಲೇ. ಮರ್ಫಿಯಿಂದ ಅಲ್ಲಿಗೆ ಒಂದು ಗಂಟೆ ಡ್ರೈವ್ ಮಾಡಬೇಕು. ನಮ್ಮ ಆಂಟಿಗೆ, ಅಂದರೆ ಡಾಕ್ಟರ ಹೆಂಡತಿಗೆ, ಸೊಂಟನೋವು. ಡಾಕ್ಟರ್ ರಿಟೈರ್ ಆಗಿ ಆರು ತಿಂಗಳಾಗಿತ್ತು, ಹೋರಾಡಲು ಒಂದು ಕಾರಣ ಬೇಕಿತ್ತು, ಸೊಂಟ ಮನೆಯಲ್ಲೇ ಸಿಕ್ಕಿತು. ಅವರ ಪ್ರಣಾಳಿಕೆಯಲ್ಲಿ ಎರಡೇ ಅಂಶ. ಒಂದು, ಆಂಟಿಯ ಸೊಂಟಕ್ಕೆ ನ್ಯಾಯ. ಎರಡು, ಕಾರ್ಯಕ್ರಮಗಳಲ್ಲಿ ಕೇಟರಿಂಗ್ ಊಟದ ಬದಲು ಅಪ್ಪಟ ಮನೆ ಅಡಿಗೆ.

ಅಧ್ಯಕ್ಷರು ಸಜ್ಜನರು. "ಪೂರ್ವದ ಕಡೆಯ ಸದಸ್ಯರೇ ಓಟ್ ಮಾಡಿ. ಬೇರೆ ಆಗಬೇಕು ಅಂದ್ರೆ ಆಗಿ, ಅರ್ಧ ಕುರ್ಚಿನೂ ತಗೊಂಡು ಹೋಗಿ" ಅಂದರು. ಡಾಕ್ಟರ ಗ್ಯಾರೇಜಿನಲ್ಲಿ ಇಡ್ಲಿ ಕುಕ್ಕರನ್ನು ಮತಪೆಟ್ಟಿಗೆ ಮಾಡಿ ಗುಪ್ತ ಮತದಾನ ನಡೆಸಿದೆವು. ಒಂದೇ ಒಂದು ಓಟಿನಲ್ಲಿ ಸೋತೆವು.

ಸೋತ ಮನೆಯ ಮೈಸೂರುಪಾಕು

ತೊಂದರೆ ಏನಾಯಿತೆಂದರೆ, ಗೆದ್ದೇ ಗೆಲ್ಲುತ್ತೇವೆ ಅಂತ ಡಾಕ್ಟರು ಆಂಟಿಯ ಕೈಯಲ್ಲಿ ಮೂರು ತಟ್ಟೆ ಮೈಸೂರುಪಾಕು ಮಾಡಿಸಿಟ್ಟಿದ್ದರು. ಮಾರನೇ ದಿನ ಸಮಾಧಾನ ಹೇಳಲು ಹೋದವರಿಗೆಲ್ಲ ಅದನ್ನೇ ಕೊಟ್ಟರು. ಸೋಫಾದ ಮೇಲೆ ಸಾಲಾಗಿ ಕೂತು, ತಲೆ ತಗ್ಗಿಸಿ, ಮೈಸೂರುಪಾಕು ಕಡಿಯುತ್ತಾ, "ಹೀಗಾಗಬಾರದಿತ್ತು" ಅನ್ನುತ್ತಿದ್ದೆವು. ಯಾರಿಗೂ ಬಾಯಿ ತುಂಬ ನಗಲು ಧೈರ್ಯವಿಲ್ಲ, ಎರಡನೇ ತುಂಡು ಬೇಡ ಅನ್ನಲು ಮನಸ್ಸಿಲ್ಲ.

ನಾನು ತಿಂದು ಮುಗಿಸಿ, ಸಾವಿನ ಮನೆಯಿಂದ ಎದ್ದು ಬರುವಂತೆ ಒಂದೂ ಮಾತಾಡದೆ ಬಾಗಿಲಿಗೆ ಬಂದೆ.

"ಯಾಕೋ, ಹೋಗಿ ಬರ್ತೀನಿ ಅಂತಲೂ ಹೇಳದೆ ಹೊರಟೆ?" ಅಂದರು ಡಾಕ್ಟರ್.

"ಇಂಥ ಕಡೆ ಹಾಗೆ ಹೇಳಬಾರದು ಅಂಕಲ್."

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಸತ್ತಿಲ್ಲ ಕಣೋ. ಒಂದು ಓಟು ಕಮ್ಮಿ ಬಿದ್ದಿದೆ ಅಷ್ಟೇ. ಆ ಒಂದು ಓಟು ಯಾರದು ಅಂತ ಹುಡುಕ್ತೀನಿ. ಕಾರ್ ತೆಗಿ, ಹ್ಯೂಸ್ಟನ್ನಿಗೆ ಹೋಗೋಣ."

ಹ್ಯೂಸ್ಟನ್ನಿನ ಅನುಭವಸ್ಥರು

ಹ್ಯೂಸ್ಟನ್ನಿನ ಉತ್ತರಕ್ಕೆ ದ ವುಡ್‌ಲ್ಯಾಂಡ್ಸ್‌ನಲ್ಲಿ ಧಾರವಾಡ ಕಡೆಯ ಒಬ್ಬ ಎಂಜಿನಿಯರ್ ಇದ್ದಾರೆ. ಐದು ವರ್ಷದ ಹಿಂದೆ ಅವರೂ ಅಲ್ಲಿನ ಸಂಘದಿಂದ ಬೇರೆಯಾಗಲು ಓಟು ಕೇಳಿ ಸೋತವರು. ಸೋಲಿನ ನಂತರ ಏನು ಮಾಡಬೇಕು ಅಂತ ಅವರಿಂದ ತಿಳಿಯುವುದು ಡಾಕ್ಟರ ಆಸೆ. ನೋಟ್‌ಬುಕ್ಕು ಕೂಡ ತಂದಿದ್ದರು.

"ಏನ್ ಮಾಡೂದ್ರಿ, ಸೋತ್ವಿ" ಅಂದರು ಎಂಜಿನಿಯರು, ಚಹಾ ಕೊಡುತ್ತಾ. "ಗೆದ್ದವರು ಸಿಟ್ಟಿಲೆ ನನಗ ಪಾರ್ಕಿಂಗ್ ಡ್ಯೂಟಿ ಕೊಟ್ರು."

"ನೀವು ಪ್ರತಿಭಟನೆ ಮಾಡಲಿಲ್ಲವಾ?"

"ಯಾಕ ಮಾಡ್ಲಿರಿ? ಐದು ವರ್ಷ ಆತು, ಒಳಗ ಏನ್ ನಡದೈತಿ ಅಂತ ನೋಡಿಲ್ಲ. ಭಾಷಣ ಕೇಳಂಗಿಲ್ಲ, ವಂದನಾರ್ಪಣೆ ಕೇಳಂಗಿಲ್ಲ. ಊಟದ ತಾಟು ಹೊರಗ ತಂದು ಕೊಡ್ತಾರ. ಯಾರ ಕಾರ್ ಎಲ್ಲಿ ನಿಲ್ಲಬೇಕು ಅಂತ ನಾನ ಹೇಳ್ತೀನಿ, ಅಧ್ಯಕ್ಷರೂ ಕೇಳಬೇಕು. ಸ್ವಾತಂತ್ರ್ಯ ಅಂದ್ರ ಇನ್ನೇನ್ ಬೇಕ್ರಿ?"

ಡಾಕ್ಟರ್ ನೋಟ್‌ಬುಕ್ಕು ಮುಚ್ಚಿದರು. ಕಾರು ಹತ್ತಿದ ಮೇಲೆ, "ಪಾಪ, ಮನುಷ್ಯ ಕೈಚೆಲ್ಲಿಬಿಟ್ಟಿದ್ದಾನೆ" ಅಂದರು. ನನಗಂತೂ ಅಷ್ಟು ಸುಖಿಯಾದ ಕನ್ನಡಿಗ ಟೆಕ್ಸಾಸಿನಲ್ಲಿ ಬೇರೆ ಯಾರೂ ಕಂಡಿಲ್ಲ.

ಆಸ್ಟಿನ್ನಿನಲ್ಲಿ ಟೆನಿಸ್

ಅಲ್ಲಿಂದ ಆಸ್ಟಿನ್. ಡಾಕ್ಟರ ಅಣ್ಣನ ಮಗಳು ಅಲ್ಲಿ ಲಾಯರು. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸಂಘದ ಬೈಲಾ ಅವಳ ಮುಂದಿಟ್ಟು, "ನೋಡಮ್ಮ, ಇದರಲ್ಲಿ ಎಲ್ಲಾದರೂ ಒಂದು ಸಂದು ಹುಡುಕು" ಅಂದರು.

ಅವಳು ನಾಲ್ಕು ಪುಟ ಓದಿ ತಲೆಯೆತ್ತಿದಳು. "ಚಿಕ್ಕಪ್ಪ, ದಿಸ್ ಈಸ್ ಅ ಟೆನಿಸ್ ಕ್ಲಬ್."

ಸಂಘ ಹುಟ್ಟಿದಾಗಿನ ಕಾರ್ಯದರ್ಶಿ ತಮ್ಮ ಅಪಾರ್ಟ್‌ಮೆಂಟಿನ ಟೆನಿಸ್ ಕ್ಲಬ್ಬಿನ ಬೈಲಾ ತೆಗೆದುಕೊಂಡು ಮೇಲಿನ ಹೆಸರು ಮಾತ್ರ ಬದಲಾಯಿಸಿದ್ದರಂತೆ. ಇಷ್ಟು ವರ್ಷ ಯಾರೂ ಎರಡನೇ ಪುಟ ತಿರುಗಿಸಿರಲಿಲ್ಲ. ಅದರ ಪ್ರಕಾರ ನಾವೆಲ್ಲ ಬಿಳಿ ಬಟ್ಟೆ ಹಾಕಿಕೊಂಡೇ ಗಣಪತಿ ಕೂರಿಸಬೇಕಿತ್ತು.

ಆದರೂ ಒಂದು ಸಂದು ಸಿಕ್ಕಿತು. ಸೋತ ಒಂದು ತಿಂಗಳೊಳಗೆ ಮತ್ತೆ ಓಟು ಕೇಳಬಹುದು. ಆದರೆ ಸೋತವರು ಕೇಳುವಂತಿಲ್ಲ. ಗೆದ್ದ ಕಡೆಯವರೇ ಒಬ್ಬರು ಸಭೆಯಲ್ಲಿ ಎದ್ದು ನಿಂತು, "ನಾನು ಬೇಡ ಅಂತ ಹಾಕಿದ್ದೆ, ಈಗ ಮನಸ್ಸು ಬದಲಾಗಿದೆ" ಅನ್ನಬೇಕು.

"ಒಬ್ಬರು ಸಾಕಾ?" ಅಂದರು ಡಾಕ್ಟರ್. ಅವರ ಮುಖದಲ್ಲಿ ಸೋತ ಮೇಲೆ ಕಾಣದಿದ್ದ ಬೆಳಕು.

"ಒನ್ ಈಸ್ ಇನಫ್. ಬಟ್ ಚಿಕ್ಕಪ್ಪ, ಟಿಲ್ ದೆನ್, ಲೂಸಿಂಗ್ ಸೈಡ್ ಟೇಕ್ಸ್ ಡೌನ್ ದ ನೆಟ್."

ನಾನು ಕಳಿಸಿದ ಮೆಸೇಜು

ಗುಪ್ತ ಮತದಾನದಲ್ಲಿ ಬೇಡ ಅಂದವರನ್ನು ಹುಡುಕುವುದು ಹೇಗೆ? ಆ ಕೆಲಸ ಡಾಕ್ಟರ್ ನನಗೆ ವಹಿಸಿದರು, ಅದು ಅವರ ತಪ್ಪು. ನಾನು ನಮ್ಮ ಹೋರಾಟ ಸಮಿತಿಯವರಿಗೇ, ಅಂದರೆ ಊರೆಲ್ಲ ತಿರುಗಿ ಬೇರೆ ಸಂಘ ಬೇಕು ಅಂದವರಿಗೇ, ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಒಂದೇ ಮೆಸೇಜು ಕಳಿಸಿದೆ: "ನೀವು ಏನು ಹಾಕಿದ್ದೀರಿ ಅಂತ ಗೊತ್ತಾಯಿತು. ಡಾಕ್ಟರಿಗೆ ಇನ್ನೂ ಹೇಳಿಲ್ಲ." ನನಗೆ ಏನೂ ಗೊತ್ತಿರಲಿಲ್ಲ.

ಐದು ನಿಮಿಷದಲ್ಲಿ ಬ್ಯಾನರ್ ಮಾಡಿಸಿದವನ ಫೋನು. "ಅಣ್ಣಾ, ಮಗಳ ಡ್ಯಾನ್ಸ್ ಕ್ಲಾಸಿನವರೆಲ್ಲ ಸೌತ್‌ಲೇಕ್ ಕಡೆಯವರು. ಬೇರೆ ಸಂಘ ಆದರೆ ಅವಳು ಯಾರ ಜೊತೆ ಕುಣೀಬೇಕು? ಅಂಕಲ್‌ಗೆ ಹೇಳಬೇಡಿ." ಫಲಿತಾಂಶದ ದಿನ ಕಣ್ಣೀರು ಹಾಕಿದವನೂ ಫೋನು ಮಾಡಿದ. "ಹೊಸ ಸಂಘಕ್ಕೆ ನನ್ನನ್ನೇ ಕಾರ್ಯದರ್ಶಿ ಮಾಡ್ತೀನಿ ಅಂದಿದ್ರು. ಮನೇಲಿ ಇಬ್ಬರು ಮಕ್ಕಳಿದ್ದಾರೆ ಸಾರ್." ಅವನು ಅತ್ತದ್ದು ಆನಂದಕ್ಕೆ ಅಂತ ನನಗೆ ಆಗ ತಿಳಿಯಿತು.

ಫೋನು ಮಾಡದೆ ನೇರ ಬಂದವರು ಒಬ್ಬರೇ. ಬಾಗಿಲು ತೆಗೆದರೆ, ಸಮಿತಿಯ ಪಟ್ಟಿಯಲ್ಲಿ ಹೆಸರಿದ್ದ ನಮ್ಮ ಆಂಟಿ, ಕೈಯಲ್ಲಿ ಚಕ್ಕುಲಿ ಡಬ್ಬ.

"ಹೇಗೋ ಗೊತ್ತಾಯ್ತು ನಿನಗೆ?" ಅಂದರು.

ನಾನು ಚಕ್ಕುಲಿ ಮುರಿಯುತ್ತಾ ಗಂಭೀರವಾಗಿದ್ದೆ. "ಗೊತ್ತಾಗತ್ತೆ ಆಂಟಿ. ಆದರೆ ಇದೆಲ್ಲ ನಿಮ್ಮ ಸೊಂಟಕ್ಕೋಸ್ಕರ ಅಲ್ವಾ?"

"ಸೌತ್‌ಲೇಕಿಗೆ ಕಾರಲ್ಲಿ ಕೂತು ಹೋದರೆ ಒಂದು ಗಂಟೆ ನೋವು. ಇನ್ನೂರು ಜನಕ್ಕೆ ಮನೆ ಅಡಿಗೆ ಅಂತ ಅಚ್ಚು ಹಾಕಿಸಿದಾರಲ್ಲ, ಯಾರ ಮನೆ ಅಂದ್ಕೊಂಡಿದೀಯ?"

ಆಮೇಲೆ ಡಬ್ಬ ನನ್ನ ಕಡೆ ಸರಿಸಿ, "ಇವರು ಹದಿನೈದು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣೋ" ಅಂದರು. "ಯಾರು ಯಾರು ಅಂತ ಒಂದೇ ಜಪ. ನಾನೇ ಹೇಳಿಬಿಡಲಾ ಅನ್ಸತ್ತೆ."

"ಬೇಡ ಆಂಟಿ, ತಡೀರಿ" ಅಂದೆ. ಡಬ್ಬದಲ್ಲಿ ಇನ್ನೂ ಚಕ್ಕುಲಿ ಇತ್ತು.

ಅಖಂಡ ಡಲ್ಲಾಸ್

ಸಭೆ ಸೌತ್‌ಲೇಕಿನಲ್ಲೇ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಆಂಟಿ ಎರಡು ದಿಂಬು ಇಟ್ಟುಕೊಂಡು ಕೂತಿದ್ದರು. ಮುಂದೆ ಕೂತ ಡಾಕ್ಟರ್ ದಾರಿಯುದ್ದಕ್ಕೂ, "ಒಬ್ಬರು ಎದ್ದರೆ ಸಾಕು" ಅನ್ನುತ್ತಿದ್ದರು.

ಅಧ್ಯಕ್ಷರು ಕೇಳಿದರು: "ಬೇಡ ಅಂತ ಹಾಕಿದವರು ಯಾರಾದರೂ ಮನಸ್ಸು ಬದಲಾಯಿಸಿದ್ದೀರಾ?"

ಬ್ಯಾನರಿನವನು ಚಾವಣಿ ನೋಡಿದ. ಕಣ್ಣೀರಿನವನು ಶೂ ಲೇಸು ಕಟ್ಟಿಕೊಂಡ, ಬಿಚ್ಚಿ ಮತ್ತೆ ಕಟ್ಟಿಕೊಂಡ. ಡಾಕ್ಟರ್ ಒಬ್ಬೊಬ್ಬರ ಮುಖವನ್ನೂ ನೋಡಿ ನೋಡಿ, ಕೊನೆಗೆ ತಲೆ ತಗ್ಗಿಸಿದರು.

ಆಗ ಆಂಟಿ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು.

"ನಾನು ಬೇಡ ಅಂತ ಹಾಕಿದ್ದೆ."

ಡಾಕ್ಟರ್ ಹೆಂಡತಿಯನ್ನು ನೋಡಿದ ರೀತಿ, ಮೂವತ್ತು ವರ್ಷ ಸ್ಟೆತಸ್ಕೋಪಿನಲ್ಲಿ ಕೇಳಿಸಿಕೊಂಡ ಎದೆಬಡಿತವೆಲ್ಲ ಒಟ್ಟಿಗೆ ನಿಂತ ಹಾಗಿತ್ತು.

"ಈಗ ಮನಸ್ಸು ಬದಲಾಯಿಸಿದೀನಿ" ಅಂದರು ಆಂಟಿ. "ಇವರು ಇಷ್ಟು ಆಸೆ ಪಡ್ತಿದಾರೆ. ಮತ್ತೆ ಓಟು ಮಾಡಿ, ಈ ಸಲ ಬೇಕು ಅಂತ ಹಾಕ್ತೀನಿ. ಮನೆ ಅಡಿಗೆನೇ ಆಗಲಿ. ಇನ್ನೂರು ಜನಕ್ಕೆ ಬಿಸಿಬೇಳೆಬಾತು, ಕೋಸಂಬರಿ, ಪಾಯಸ. ಎಲ್ಲ ಇವರೇ ಮಾಡ್ತಾರೆ. ನಾನು ಕೂತ್ಕೊಂಡು ಹೇಳಿಕೊಡ್ತೀನಿ. ಸೊಂಟಕ್ಕೆ ನ್ಯಾಯ ಬೇಕು ಅಂತ ಪ್ರಣಾಳಿಕೇಲಿ ಇವರೇ ಬರೆಸಿದಾರಲ್ಲ."

ಅಧ್ಯಕ್ಷರು ಡಾಕ್ಟರ ಕಡೆ ತಿರುಗಿದರು. "ಏನು ಡಾಕ್ಟರೇ, ಓಟಿಗೆ ಹಾಕಲಾ?"

ಡಾಕ್ಟರ್ ಎದ್ದು ನಿಂತು, ಶರ್ಟು ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು ಹೇಳಿದರು: "ಅಧ್ಯಕ್ಷರೇ, ಜನ ಒಂದು ಸಲ ತೀರ್ಪು ಕೊಟ್ಟಿದ್ದಾರೆ. ಅದನ್ನು ಗೌರವಿಸುವುದು ನಮ್ಮ ಸಂಸ್ಕೃತಿ. ಡಲ್ಲಾಸ್ ಅಖಂಡವಾಗಿಯೇ ಇರಲಿ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಹೋರಾಟ ಸಮಿತಿಯವರು.

ವಾಪಸು ಬರುವಾಗ ಡಾಕ್ಟರ್ ಹಿಂದಿನ ಸೀಟಿನಲ್ಲಿ, ಆಂಟಿಯ ಪಕ್ಕ, ಒಂದು ದಿಂಬು ತಾವೇ ಹಿಡಿದುಕೊಂಡು ಕೂತರು. ಅರ್ಧ ದಾರಿ ಬಂದ ಮೇಲೆ ಮುಂದೆ ಬಗ್ಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು:

"ಆ ವುಡ್‌ಲ್ಯಾಂಡ್ಸ್‌ನವರ ನಂಬರ್ ನಿನ್ನ ಹತ್ರ ಇದೆಯಾ? ಆ ಪಾರ್ಕಿಂಗ್ ಡ್ಯೂಟಿ ಬೇಕು ಅಂದ್ರೆ ಯಾರಿಗೆ ಅರ್ಜಿ ಕೊಡಬೇಕು, ಕೇಳು."